ಮೊದಲು ಸಾಕೆಟ್, ಆಮೇಲೆ ಪ್ರೊಸೆಸರ್

2017ರಲ್ಲಿ ಕಡಿಮೆ ಬಜೆಟ್ಟಿನಲ್ಲಿ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ಇಂಟೆಲ್‌ನ ಕೋರ್ ಐ3-7100 ಪ್ರೊಸೆಸರ್ ಕೊಂಡರು: ಎರಡು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಇನ್ನೊಬ್ಬರು ಎಎಂಡಿಯ ರೈಜನ್ 3 1200 ಕೊಂಡರು: ನಾಲ್ಕು ಕೋರ್, ನಾಲ್ಕು ಥ್ರೆಡ್. ದಿನನಿತ್ಯದ ಕೆಲಸಕ್ಕೆ ಎರಡೂ ಸಾಕು. ಆದರೆ ಐದು ವರ್ಷ ಕಳೆಯುವಷ್ಟರಲ್ಲಿ ಇಬ್ಬರ ಸ್ಥಿತಿಯೂ ಅಜಗಜಾಂತರ. ಐ3 ಕೊಂಡವರಿಗೆ ಅದೇ ಮದರ್‌ಬೋರ್ಡಿನಲ್ಲಿ ಏರಲು ಉಳಿದಿದ್ದ ಕೊನೆಯ ಮೆಟ್ಟಿಲು ನಾಲ್ಕು ಕೋರ್‌ಗಳ ಐ7-7700ಕೆ. ರೈಜನ್ ಕೊಂಡವರು, ಬೋರ್ಡ್ ತಯಾರಕರು ಹೊಸ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಕೊಟ್ಟಿದ್ದರೆ, 2022ರಲ್ಲಿ ಬಂದ ಎಂಟು ಕೋರ್‌ಗಳ ರೈಜನ್ 7 5800ಎಕ್ಸ್3ಡಿಯನ್ನು ಅದೇ ಎಎಂ4 ಸಾಕೆಟ್ಟಿನಲ್ಲಿ, ಅಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಪೀಠದಲ್ಲಿ, ಕೂರಿಸಬಹುದಿತ್ತು. ರ‍್ಯಾಮ್ ಬದಲಿಸಬೇಕಿರಲಿಲ್ಲ, ಬೋರ್ಡನ್ನೂ ಬದಲಿಸಬೇಕಿರಲಿಲ್ಲ.

ಈ ಕಥೆ ಎಎಂಡಿಯ ಹೊಗಳಿಕೆಗಾಗಿ ಹೇಳಿದ್ದೆಂದು ಯಾರೂ ಭಾವಿಸಬೇಕಿಲ್ಲ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13 ಮತ್ತು 14ನೆಯ ಪೀಳಿಗೆಗಳಿಗೆ ಆಸರೆಯಾಯಿತು. ನಾಲ್ಕು ಕೋರ್‌ಗಳ ಐ3-12100ರಿಂದ ಆರಂಭಿಸಿದವರಿಗೆ 20 ಕೋರ್‌ಗಳ ಐ7-14700ವರೆಗೆ ದಾರಿ ತೆರೆದಿತ್ತು. ಕೈಯಲ್ಲಿ ಹಣ ಕಡಿಮೆಯಿದ್ದಾಗ ಪ್ರೊಸೆಸರ್‌ಗಳನ್ನು ಒಂದರ ಪಕ್ಕ ಒಂದಿಟ್ಟು ತೂಗುವ ಮೊದಲು ಅವು ಕೂರುವ ಸಾಕೆಟ್ಟಿನ ವಯಸ್ಸನ್ನು ಕೇಳಬೇಕು ಎಂಬುದಷ್ಟೇ ನನ್ನ ವಾದ. ಆಯಸ್ಸು ಮುಗಿಯುತ್ತ ಬಂದ ಸಾಕೆಟ್ಟಿನ ಒಳ್ಳೆಯ ಪ್ರೊಸೆಸರ್‌ಗಿಂತ ಎಳೆಯ ಸಾಕೆಟ್ಟಿನ ಸಾಧಾರಣ ಪ್ರೊಸೆಸರ್ ಎಷ್ಟೋ ಸಲ ಮೇಲು.

ಸಾಕೆಟ್‌ಗಳನ್ನು ಬದಲಿಸುವುದಾದರೂ ಏಕೆ? ಅಲ್ಲಿರುವ ಸಾವಿರಕ್ಕೂ ಹೆಚ್ಚು ಸಂಪರ್ಕಬಿಂದುಗಳಲ್ಲಿ ಬಹುತೇಕ ಒಂದೊಂದಕ್ಕೂ ನಿಗದಿಯಾದ ಕೆಲಸವಿದೆ. ಅವುಗಳಲ್ಲಿ ಹೆಚ್ಚಿನವು ವಿದ್ಯುತ್ತನ್ನು ಒಳಗೆ ತರುತ್ತವೆ ಮತ್ತು ಹೊರಗೆ ಒಯ್ಯುತ್ತವೆ. ಉಳಿದವು ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳ ಜೊತೆ ಮಾತನಾಡುತ್ತವೆ. ಇಂಟೆಲ್‌ನ 8ನೆಯ ಪೀಳಿಗೆಗೂ ಹಿಂದಿನಂತೆಯೇ 1151 ಬಿಂದುಗಳಿದ್ದವು, ಸಾಕೆಟ್ಟಿನ ಹೆಸರಿನಲ್ಲೂ ಅದೇ ಅಂಕಿ. ಆದರೆ ಅವುಗಳಲ್ಲಿ ಇನ್ನಷ್ಟನ್ನು ವಿದ್ಯುತ್ ಪೂರೈಕೆಗೆ ಮೀಸಲಿಟ್ಟಿದ್ದರಿಂದ ಹೊಸ ಬೋರ್ಡೇ ಬೇಕಾಯಿತು. ಸಾಕೆಟ್ಟಿನ ಹೆಸರಿನಲ್ಲಿರುವ ಅಂಕಿ ಹೊಂದಿದ ಮಾತ್ರಕ್ಕೆ ಪ್ರೊಸೆಸರ್ ಓಡುತ್ತದೆಂದು ನಂಬಿ ಮೋಸಹೋದವರು ಆಗ ಕಡಿಮೆಯೇನಿರಲಿಲ್ಲ.

ರ‍್ಯಾಮ್ ಸಾಕೆಟ್ಟಿನ ವಯಸ್ಸಿಗೆ ಇನ್ನೂ ದೊಡ್ಡ ಸುಳಿವು. ಅದನ್ನು ನಿಯಂತ್ರಿಸುವ ಭಾಗ ಇಂದಿನ ಪ್ರೊಸೆಸರ್‌ಗಳ ಒಳಗೇ ಇದೆ. ಹಾಗಾಗಿ ರ‍್ಯಾಮ್‌ನ ಪೀಳಿಗೆ ಬದಲಾದಾಗ ಸಾಕೆಟ್ ಸಹ ಬದಲಾಗುವುದೇ ಹೆಚ್ಚು. ಎಎಂ4 ಡಿಡಿಆರ್4 ಎಂಬ ಪೀಳಿಗೆಯ ರ‍್ಯಾಮ್ ಜೊತೆ ಬಾಳಿತು. 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ ಆಗುತ್ತದೆ. ಎಎಂ5 ಸಾಕೆಟ್ಟನ್ನು ಕನಿಷ್ಠ 2027ರವರೆಗೆ ಬೆಂಬಲಿಸುವುದಾಗಿ ಎಎಂಡಿ ಬಹಿರಂಗವಾಗಿ ಹೇಳಿದೆ. ಇಂಥ ಮಾತನ್ನು ಕಂಪನಿಯ ಬಾಯಿಂದಲೇ ಕೇಳಿಸಿಕೊಂಡು ಕೊಳ್ಳುವುದು ಒಳ್ಳೆಯದು.

ಇನ್ನು ಬೋರ್ಡಿನ ಮಾತು. ನಾಳೆ ದೊಡ್ಡ ಪ್ರೊಸೆಸರ್ ಹಾಕುವ ಆಸೆಯುಳ್ಳವರು ತೀರಾ ಅಗ್ಗದ ಬೋರ್ಡ್ ಕೊಂಡರೆ ಆ ಆಸೆಗೆ ಅಂದೇ ಎಳ್ಳುನೀರು. ಪವರ್ ಸಪ್ಲೈಯಿಂದ ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರ್ ಕೇಳುವುದು ಸುಮಾರು 1.2 ವೋಲ್ಟ್. ಸಾಕೆಟ್ಟಿನ ಸುತ್ತ ಸಾಲಾಗಿ ನಿಂತಿರುವ ಚೌಕಾಕಾರದ ಪುಟ್ಟ ಡಬ್ಬಿಗಳೂ ಅವುಗಳ ಪಕ್ಕದ ಕಪ್ಪು ಚಿಪ್‌ಗಳೂ ಈ ಇಳಿಕೆಯ ಕೆಲಸ ಮಾಡುತ್ತವೆ. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಎಂದು ಶಾಲೆಯಲ್ಲಿ ಕಲಿತಿದ್ದೇವಲ್ಲ. 60 ವ್ಯಾಟ್ ಬಳಸುವ ಪ್ರೊಸೆಸರ್‌ಗೆ 1.2 ವೋಲ್ಟ್‌ನಲ್ಲಿ 50 ಆಂಪಿಯರ್ ಹರಿಯಬೇಕು. 120 ವ್ಯಾಟ್‌ನದಾದರೆ 100 ಆಂಪಿಯರ್! ಅಂಗೈಯಷ್ಟೂ ಇಲ್ಲದ ಜಾಗದಲ್ಲಿ ಇಷ್ಟು ಪ್ರವಾಹ ಓಡುತ್ತದೆಂದು ನೆನೆದರೆ ನನಗೆ ಈಗಲೂ ಬೆರಗು. ಪ್ರವಾಹ ಇಮ್ಮಡಿಯಾದರೆ ಅದೇ ಮಾರ್ಗದ ರೋಧದಲ್ಲಿ ಹುಟ್ಟುವ ಶಾಖ ನಾಲ್ಕುಪಟ್ಟಾಗುತ್ತದೆ. ಆ ಚಿಪ್‌ಗಳ ಮೇಲೆ ಶಾಖ ಹೀರುವ ಲೋಹದ ತುಂಡೂ ಇಲ್ಲದ ಬೋರ್ಡ್ ಸಣ್ಣ ಪ್ರೊಸೆಸರ್ ಅನ್ನು ನಿರಾಯಾಸವಾಗಿ ನಡೆಸುತ್ತದೆ. ದೊಡ್ಡದನ್ನು ಕೂರಿಸಿದರೆ ಬಿಸಿಯೇರಿ, ಪ್ರೊಸೆಸರ್‌ನ ವೇಗವನ್ನೇ ತಗ್ಗಿಸುತ್ತದೆ. ಹಾಗೆಂದು ಪ್ರೊಸೆಸರ್‌ಗಿಂತ ಎಷ್ಟೋ ಪಟ್ಟು ದುಬಾರಿಯ ಬೋರ್ಡ್ ಕೊಂಡರೆ ಮೂಗಿಗಿಂತ ಮೂಗುತಿ ಭಾರ. ಮಧ್ಯಮ ದರ್ಜೆಯ, ಲೋಹದ ಹೊದಿಕೆಯುಳ್ಳ, ರ‍್ಯಾಮ್‌ಗೆ ನಾಲ್ಕು ಕಿಂಡಿಗಳಿರುವ ಬೋರ್ಡ್ ಸಾಕು.

ಈಗ ಪ್ರೊಸೆಸರ್. ಆರು ಕೋರ್‌ಗಳದು ಕೈಗೆಟುಕಿದರೆ ನಾಲ್ಕರ ಕಡೆ ನೋಡಬೇಡಿ. ಹೆಸರು ನೋಡಿ ಮರುಳಾಗಲೂಬೇಡಿ: ರೈಜನ್ 5 5500 ಮತ್ತು 5600 ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್, ಆದರೆ ಮೊದಲನೆಯದರಲ್ಲಿ ಮೂರನೆಯ ಹಂತದ ಕ್ಯಾಶ್ ಮೆಮೊರಿ (ಪ್ರೊಸೆಸರ್ ಒಳಗೇ ಇರುವ ಸಣ್ಣ, ವೇಗದ ನೆನಪು) 16 ಮೆಗಾಬೈಟ್, ಎರಡನೆಯದರಲ್ಲಿ 32. ಪ್ರೊಸೆಸರ್ ತನ್ನ ಕಾಲದ ಎಷ್ಟೋ ಪಾಲನ್ನು ರ‍್ಯಾಮ್‌ನಿಂದ ಮಾಹಿತಿ ಬರಲೆಂದು ಕಾಯುವುದರಲ್ಲೇ ಕಳೆಯುತ್ತದೆ. ಕ್ಯಾಶ್ ದೊಡ್ಡದಿದ್ದಷ್ಟೂ ಆ ಕಾಯುವಿಕೆ ಕಡಿಮೆ. 5800ಎಕ್ಸ್3ಡಿ ಆಟಗಳಲ್ಲಿ ಹೆಸರು ಮಾಡಿದ್ದೂ ಇದರಿಂದಲೇ. ಚಿಪ್‌ನ ಮೇಲೆ ಇನ್ನೊಂದು ಪದರವಿಟ್ಟು ಅದರ ಕ್ಯಾಶನ್ನು 96 ಮೆಗಾಬೈಟ್‌ಗೆ ಏರಿಸಲಾಗಿತ್ತು. ಗ್ರಾಫಿಕ್ಸ್ ಕಾರ್ಡನ್ನು ಮುಂದೆ ಕೊಳ್ಳುವ ಯೋಚನೆಯಿದ್ದರೆ ಒಳಗೇ ಗ್ರಾಫಿಕ್ಸ್ ಇರುವ ಮಾದರಿ ಆರಿಸಿ. ಎರಡೂ ಕಂಪನಿಗಳ ಮಾದರಿ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೆಂದೇ ಅರ್ಥ.

ಬದಲಿಸುವ ಕಾಲ ಬಂದಿತೆಂದು ತಿಳಿಯುವುದು ಹೇಗೆ? ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ‘ಬಳಕೆ ಶೇ. 13’ ಎಂದು ಕಂಡು, ಪ್ರೊಸೆಸರ್ ಆರಾಮವಾಗಿದೆ ಎಂದುಕೊಳ್ಳುವವರಿದ್ದಾರೆ. ಎಂಟು ಥ್ರೆಡ್‌ಗಳಲ್ಲಿ ಒಂದೇ ಒಂದು ಪೂರ್ತಿ ದುಡಿಯುತ್ತಿದ್ದರೂ ಒಟ್ಟು ಬಳಕೆ ಶೇ. 12.5 ಮಾತ್ರ, ಉಳಿದ ಏಳು ಕೈಕಟ್ಟಿ ಕುಳಿತಿರುತ್ತವೆ. ಅಂಥ ಕೆಲಸಕ್ಕೆ ಇನ್ನಷ್ಟು ಕೋರ್‌ಗಳು ಬಂದು ಮಾಡುವುದೇನೂ ಇಲ್ಲ. ಒಂದೊಂದು ಕೋರ್ ವೇಗವಾಗಿರಬೇಕು. ಆಟವಾಡುವಾಗ ಗ್ರಾಫಿಕ್ಸ್ ಕಾರ್ಡ್ ಶೇ. 99ರಲ್ಲಿ ಓಡುತ್ತಿದ್ದರೆ ಪ್ರೊಸೆಸರ್‌ಗೆ ಹಣ ಸುರಿಯುವುದು ವ್ಯರ್ಥ. ಒಂದೇ ಪೀಳಿಗೆ ಮುಂದಿನದನ್ನು ಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಎರಡು ಮೂರು ಪೀಳಿಗೆ ದಾಟಿ, ಕೋರ್‌ಗಳೂ ಹೆಚ್ಚುವಂತಿದ್ದರೆ ಮಾತ್ರ ಕೈಹಾಕಬೇಕು.

ಬಯಾಸ್‌ನ ತೊಡಕೂ ಒಂದಿದೆ. ಹಲವು ಎಎಂ4 ಬೋರ್ಡ್‌ಗಳ ಬಯಾಸ್ ಚಿಪ್‌ನಲ್ಲಿದ್ದುದು 16 ಮೆಗಾಬೈಟ್ ಜಾಗ. ಎಲ್ಲ ಪೀಳಿಗೆಗಳ ವಿವರವೂ ಅದರಲ್ಲಿ ಹಿಡಿಸದೆ, ಕೆಲವು ಬೋರ್ಡ್‌ಗಳ ಹೊಸ ಬಯಾಸ್‌ನಿಂದ ಹಳೆಯ ಪ್ರೊಸೆಸರ್‌ಗಳ ಬೆಂಬಲ ತೆಗೆಯಬೇಕಾಯಿತು. 2020ರ ಮೇ ತಿಂಗಳಲ್ಲಿ 400 ಸರಣಿಯ ಬೋರ್ಡ್‌ಗಳಿಗೆ ಮುಂದಿನ ಪೀಳಿಗೆಯ ಪ್ರೊಸೆಸರ್‌ಗಳ ಬೆಂಬಲವಿಲ್ಲ ಎಂದಿದ್ದ ಎಎಂಡಿ, ಬಳಕೆದಾರರು ದನಿಯೆತ್ತಿದ ಮೇಲೆ ಅದೇ ತಿಂಗಳಲ್ಲಿ ನಿಲುವು ಬದಲಿಸಿತು. ಅದಕ್ಕೂ ಹಳೆಯ 300 ಸರಣಿಯ ಬೋರ್ಡ್ ಉಳ್ಳವರು 2022ರವರೆಗೆ ಕಾಯಬೇಕಾಯಿತು.

ಆದ್ದರಿಂದ ಬಯಾಸ್ ಬದಲಾವಣೆ ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಮುಗಿಯಲಿ. ಪ್ರೊಸೆಸರ್ ಮೇಲೆ ಕೂತು ಅದನ್ನು ತಣಿಸುವ ಕೂಲರ್ ಬಿಚ್ಚುವ ಮುನ್ನ ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ, ಆರಿಸಿ, ವಿದ್ಯುತ್ ಸಂಪರ್ಕ ತೆಗೆಯಿರಿ. ಬಿಸಿಗೆ, ಅವೆರಡರ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಮೆತ್ತಗಾಗಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಕೀಳಬೇಡಿ. ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಂದರೆ ಅಂಟು ಬಿಡುವುದು ಕೈಗೆ ತಿಳಿಯುತ್ತದೆ. ಎಎಂ4ನಂತೆ ಪಿನ್‌ಗಳು ಪ್ರೊಸೆಸರ್‌ನಲ್ಲೇ ಇರುವ ವಿನ್ಯಾಸದಲ್ಲಿ ಅವಸರಪಟ್ಟು ಎಳೆದರೆ, ಬೀಗ ಹಾಕಿದ ಸಾಕೆಟ್ಟಿನಿಂದಲೂ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಕಿತ್ತುಬರಬಹುದು, ಪಿನ್‌ಗಳು ಬಾಗಬಹುದು. ಹೊಸದು ಕೂತು, ಪರದೆಯಲ್ಲಿ ಅದರ ಹೆಸರು ಮೂಡಿ, ಕೆಲವು ದಿನ ತೊಂದರೆಯಿಲ್ಲದೆ ಓಡುವವರೆಗೆ ಹಳೆಯ ಪ್ರೊಸೆಸರ್ ಅನ್ನು ಮಾರಬೇಡಿ; ಬಯಾಸ್‌ನಲ್ಲಿ ಏನಾದರೂ ಎಡವಟ್ಟಾದರೆ ಬೋರ್ಡನ್ನು ಮತ್ತೆ ಎಬ್ಬಿಸಲು ಅದೇ ಬೇಕಾಗಬಹುದು.