ಸೂತ್ರ ಬಾಯಿಗೆ ಬಂದಿದೆ, ಅದರ ಹಿಂದಿನ ಜಗಳ ಮಾತ್ರ ಗೊತ್ತಿಲ್ಲ

ವಿಜಯಪುರದಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುವ ಮಕ್ಕಳನ್ನು ಕೇಳಿ ನೋಡಿ, ದ್ಯುತಿವಿದ್ಯುತ್ ಪರಿಣಾಮದ (ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವುದರ) ಸಮೀಕರಣ ಪಟಪಟ ಹೇಳುತ್ತಾರೆ. ಅದನ್ನು ಒಪ್ಪಲು ವಿಜ್ಞಾನಿಗಳೇ ಯಾಕೆ ಅಷ್ಟು ವರ್ಷ ತಗೊಂಡರು ಅಂದರೆ ಸುಮ್ಮನಾಗುತ್ತಾರೆ. ಪಾಠದಲ್ಲಿ ಆ ಕಥೆಗೆ ಎರಡೇ ಸಾಲು, ಆಮೇಲೆ ಬರೀ ಲೆಕ್ಕ.

1887ರಲ್ಲಿ ಜರ್ಮನಿಯ ಹರ್ಟ್ಜ್ ರೇಡಿಯೋ ಅಲೆ ಹುಡುಕುತ್ತಿದ್ದರು. ನೇರಳಾತೀತ ಬೆಳಕು ಬಿದ್ದಾಗ ಲೋಹದ ತುದಿಗಳ ನಡುವೆ ಕಿಡಿ ಸಲೀಸಾಗಿ ಹಾರುವುದು, ನಡುವೆ ಗಾಜು ಇಟ್ಟರೆ ಕುಗ್ಗುವುದು ಅವರ ಕಣ್ಣಿಗೆ ಬಿತ್ತು. ಹೊರಬರುವುದು ಎಲೆಕ್ಟ್ರಾನ್ ಅಂತ 1899ರಲ್ಲಿ ಥಾಮ್ಸನ್ ತೋರಿಸಿದರು. ತಲೆನೋವು ಶುರುವಾಗಿದ್ದು 1902ರಲ್ಲಿ. ಬೆಳಕು ಜೋರು ಮಾಡಿದರೆ ಜಾಸ್ತಿ ಎಲೆಕ್ಟ್ರಾನ್ ಬರುತ್ತವೆ, ಆದರೆ ಒಂದೊಂದರ ವೇಗ ಹೆಚ್ಚುವುದಿಲ್ಲ ಅಂತ ಲೆನಾರ್ಡ್ ಕಂಡರು. ಬೆಳಕು ಬರೀ ಅಲೆಯಾಗಿದ್ದರೆ ಜೋರು ಬೆಳಕು ಎಲೆಕ್ಟ್ರಾನನ್ನೂ ಜೋರಾಗಿ ತಳ್ಳಬೇಕಿತ್ತು, ಅಲ್ವಾ?

1905ರಲ್ಲಿ ಐನ್‌ಸ್ಟೈನ್ ಬೆಳಕು ಶಕ್ತಿಯ ಪೊಟ್ಟಣಗಳಾಗಿ ಬರುತ್ತದೆ, ಒಂದು ಪೊಟ್ಟಣದ ಶಕ್ತಿ ಬೆಳಕಿನ ಬಣ್ಣದ (ಆವರ್ತನದ) ಮೇಲೆ ನಿಂತಿದೆ ಅಂದರು. ಸತುವಿನಿಂದ ಎಲೆಕ್ಟ್ರಾನ್ ಹೊರಬರಲು ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಪುಟ್ಟ ಅಳತೆ) ಬೇಕು, ಕೆಂಪು ಬೆಳಕಿನ ಒಂದು ಪೊಟ್ಟಣದಲ್ಲಿ 2ರಷ್ಟೂ ಇಲ್ಲ. ಹಾಗಾಗಿ ಕೆಂಪು ದೀಪ ಎಷ್ಟೇ ಪ್ರಖರವಾಗಿರಲಿ, ಕೆಲಸ ಆಗುವುದಿಲ್ಲ.

ಇದನ್ನು ನಂಬದೆ, ಸುಳ್ಳು ಅಂತ ತೋರಿಸಲು ಹೊರಟವರು ಅಮೆರಿಕದ ಮಿಲಿಕನ್. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ. ಸೋಡಿಯಂ, ಲಿಥಿಯಂ ಗಾಳಿ ತಾಗಿದ ಕೂಡಲೇ ಮಂಕಾಗುತ್ತವೆ. ಅದಕ್ಕೆ ಅವರು ಗಾಳಿ ತೆಗೆದ ಗಾಜಿನ ಕೊಳವೆಯೊಳಗೇ ಲೋಹದ ತುಂಡು, ಚಾಕು ಇಟ್ಟು, ಹೊರಗಿನಿಂದ ವಿದ್ಯುತ್ಕಾಂತದಲ್ಲಿ ಚಾಕು ಆಡಿಸಿ, ಮೇಲ್ಮೈ ಹೆರೆದು, ಹೊಸ ಲೋಹದ ಮೇಲೆ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು, ಎಲೆಕ್ಟ್ರಾನ್‌ಗಳನ್ನು ಪೂರ್ತಿ ತಡೆಯಲು ಎಷ್ಟು ವೋಲ್ಟ್ ಬೇಕು ಅಂತ ಅಳೆದರು. ಸುಮಾರು ಹತ್ತು ವರ್ಷದ ದುಡಿಮೆ. 1916ಕ್ಕೆ ಆವರ್ತನ ಮತ್ತು ವೋಲ್ಟ್‌ಗಳ ಗ್ರಾಫ್‌ನಲ್ಲಿ ಬಂದಿದ್ದು ನೆಟ್ಟಗಿನ ಗೆರೆ, ಅದರ ಇಳಿಜಾರಿನಿಂದ ಸಿಕ್ಕಿದ್ದು ಪ್ಲಾಂಕ್ ಸ್ಥಿರಾಂಕ, ಅಂದರೆ ಆವರ್ತನವನ್ನು ಪೊಟ್ಟಣದ ಶಕ್ತಿಗೆ ಜೋಡಿಸುವ ಸಂಖ್ಯೆ. ಸಮೀಕರಣ ಸರಿ ಅಂತ ಒಪ್ಪಿದರು, ಪೊಟ್ಟಣದ ಮಾತು ಆಗಲೂ ಒಪ್ಪಲಿಲ್ಲ! ಐನ್‌ಸ್ಟೈನ್‌ಗೆ 1921ರ ನೊಬೆಲ್ 1922ರಲ್ಲಿ ಕೊಟ್ಟಾಗಲೂ ಹೆಸರಿಸಿದ್ದು ಈ ನಿಯಮವನ್ನು, ಪೊಟ್ಟಣವನ್ನಲ್ಲ. 1923ರಲ್ಲಿ, ಎಕ್ಸ್-ರೇ ಎಲೆಕ್ಟ್ರಾನ್‌ಗೆ ಚೆಂಡಿನಂತೆ ಡಿಕ್ಕಿ ಹೊಡೆಯುತ್ತದೆ ಅಂತ ತೋರಿಸಿದ ಕಾಂಪ್ಟನ್ ಪ್ರಯೋಗ ಬಂದ ಮೇಲೆ ವಿರೋಧ ಕರಗತೊಡಗಿತು.

ಅಳತೆಯನ್ನು ನಂಬಿ ವಿವರಣೆಯನ್ನು ಅನುಮಾನಿಸುವುದು ಹೇಗೆ ಅಂತ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ. ಪೋರ್ಷನ್ ಮುಗಿಸುವ ಅವಸರದಲ್ಲಿ ಅದೇ ಬಿಟ್ಟುಹೋಗುತ್ತಿದೆ.

ಇನ್ನೊಂದು ಗೊಂದಲ ಮಾಳಿಗೆ ಮೇಲಿನ ಸೋಲಾರ್ ಪ್ಯಾನೆಲ್‌ದು, ಅಲ್ಲಿ ಆಗುವುದೂ ಇದೇನಾ ಅಂತ. ಅಲ್ಲೂ ಪೊಟ್ಟಣದ ಲೆಕ್ಕವೇ ನಡೆಯುತ್ತದೆ, ಆದರೆ ಎಲೆಕ್ಟ್ರಾನ್ ಸಿಲಿಕಾನ್ ಬಿಟ್ಟು ಆಚೆ ಹಾರುವುದಿಲ್ಲ. ಒಳಗೇ ಬಿಡುಗಡೆಯಾಗಿ, ಎರಡು ಬಗೆಯ ಸಿಲಿಕಾನ್ ಸೇರುವ ಗಡಿಯಿಂದಾಗಿ ಒಂದೇ ಕಡೆ ಸಾಗಿ, ತಂತಿಗೆ ಇಳಿಯುತ್ತದೆ.