ಅವನು ಯಾಕೆ ಓಡಿ ಹೋಗ್ತಿದಾನೆ?

ಸಭಾಂಗಣದ ಲೈಟಿಂಗ್ ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬ ತನ್ನ ಕೆಲಸ ಮುಗಿಸಿ ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದ. ಕೌಂಟರ್-ಸ್ಟ್ರೈಕ್ ಎಂಬ ಶೂಟಿಂಗ್ ವಿಡಿಯೊ ಆಟದ ಪಂದ್ಯ ನಡೆಯುತ್ತಿತ್ತು. ಬಾಂಬ್ ಇಟ್ಟಾಗಿತ್ತು. ಅದನ್ನು ನಿಷ್ಕ್ರಿಯ ಮಾಡಬೇಕಾದ ತಂಡದಲ್ಲಿ ಉಳಿದವನು ಒಬ್ಬನೇ, ಎದುರಿಗೆ ಮೂವರು. ಆ ಒಬ್ಬ ಬಾಂಬಿಗೆ ಬೆನ್ನು ಹಾಕಿ ಓಡತೊಡಗಿದ. ಕಾಮೆಂಟರಿಯವರು "ಸೇವ್ ಮಾಡ್ತಾನೆ" ಎಂದು ಒಂದೇ ಮಾತಲ್ಲಿ ಮುಗಿಸಿ ಬೇರೆ ವಿಷಯಕ್ಕೆ ಹೋದರು.

"ಸಾರ್, ಅವನು ಯಾಕೆ ಓಡಿ ಹೋಗ್ತಿದಾನೆ? ಹೆದರಿಬಿಟ್ನಾ?"

ಇ-ಸ್ಪೋರ್ಟ್ಸ್, ಅಂದರೆ ವಿಡಿಯೊ ಆಟದ ಪಂದ್ಯಗಳ ಪ್ರಸಾರದಲ್ಲಿ ನನ್ನದು ಅಬ್ಸರ್ವರ್ ಕೆಲಸ. ಅಂದರೆ ಆಟದ ಒಳಗಿನ ಕ್ಯಾಮೆರಾ ನನ್ನ ಕೈಯಲ್ಲಿರುತ್ತದೆ. ನಕ್ಷೆಯ ಯಾವ ಮೂಲೆ ತೋರಿಸಬೇಕು, ಯಾರ ಕಣ್ಣಿನಿಂದ ತೋರಿಸಬೇಕು ಎಂದು ಕ್ಷಣಕ್ಷಣಕ್ಕೂ ಆರಿಸುವವನು ನಾನು. ವರ್ಷಗಟ್ಟಲೆ ಈ ಓಟ ತೋರಿಸಿದ್ದೇನೆ. ಅದು ಹೊಸಬರ ಕಣ್ಣಿಗೆ ಹೇಡಿತನದ ಹಾಗೆ ಕಾಣಬಹುದು ಅಂತ ಅವತ್ತಿನ ತನಕ ಹೊಳೆದೇ ಇರಲಿಲ್ಲ.

ಹುಡುಗನಿಗೆ ಹೇಳಿದೆ: "ಅವನ ಕೈಯಲ್ಲಿರೋ ದೊಡ್ಡ ಗನ್ ನೋಡು. ಆಟದ ದುಡ್ಡಲ್ಲಿ 4,750 ಡಾಲರ್. ಸತ್ತರೆ ಅದೂ ಹೋಗುತ್ತೆ. ಈ ರೌಂಡ್ ಹೇಗೂ ಕೈ ಬಿಟ್ಟಾಯ್ತು, ಬದುಕಿ ಉಳಿದರೆ ಗನ್ ಮುಂದಿನ ರೌಂಡಿಗೆ ಸಿಗುತ್ತೆ."

"ಓ, ಹಾಗಾದ್ರೆ ಆ ಮೂವರು ಅವನನ್ನ ಹಿಡಿಯೋಕೆ ಹೋಗ್ಬೇಕಲ್ವಾ?"

ಸರಿಯಾಗಿ ಅದೇ. ಹೋಗಬೇಕು, ಆದರೆ ಬಾಂಬ್ ಸಿಡಿಯುವಾಗ ಹತ್ತಿರ ಇದ್ದರೆ ಅವರೂ ಸಾಯುತ್ತಾರೆ, ಅವರ ಗನ್ನುಗಳೂ ಹೋಗುತ್ತವೆ. ಸುಮ್ನೆ ಕಳೆಯುವ ಇಪ್ಪತ್ತು ಸೆಕೆಂಡು ಎಂದು ನಾವೆಲ್ಲ ನೀರು ಕುಡಿಯಲು ಬಳಸುತ್ತಿದ್ದ ಸಮಯ ಆ ಹುಡುಗನಿಗೆ ಬೆನ್ನಟ್ಟುವ ಆಟವಾಗಿ ಕಂಡಿತು. ಆಮೇಲೆ ಎರಡು ಗಂಟೆ ಅವನು ಅಲ್ಲಿಂದ ಕದಲಲಿಲ್ಲ.

ಹೊಸ ಪ್ರೇಕ್ಷಕರ ಬಗ್ಗೆ ಆಯೋಜಕರ ಸಭೆ ಕೂತಾಗಲೆಲ್ಲ ಮೊದಲು ಬರುವ ಸಲಹೆ "ನಿಯಮಗಳನ್ನು ವಿವರಿಸುವ ಒಂದು ವಿಡಿಯೊ ಮಾಡೋಣ" ಎಂಬುದು. ನಾನು ಇದಕ್ಕೆ ವಿರೋಧಿ. ಐದು ನಿಮಿಷದ ಪಾಠ ಕೇಳಿ ಆಮೇಲೆ ಆಟ ನೋಡೋಣ ಎಂದು ಯಾರೂ ಬರುವುದಿಲ್ಲ. ಕ್ರಿಕೆಟ್ಟಿನ ಎಲ್‌ಬಿಡಬ್ಲ್ಯು ಅರ್ಥವಾಗದವರೂ "6 ಬಾಲಿಗೆ 11 ರನ್" ಎಂದು ಪರದೆ ಮೇಲೆ ಕಂಡರೆ ಕೂತುಬಿಡುತ್ತಾರೆ. ಅವರಿಗೆ ನಿಯಮ ತಿಳಿದಿಲ್ಲ. ಯಾರಿಗೆ ಏನು ಬೇಕು, ಎಷ್ಟರೊಳಗೆ ಬೇಕು ಎಂದು ಮಾತ್ರ ತಿಳಿದಿದೆ. ಅಷ್ಟು ತಿಳಿದರೆ ಮುಂದಿನ ಬಾಲಿಗೆ ಕಾಯಬಹುದು. ನೋಡುವ ಸುಖ ಇರುವುದು ಕಾಯುವುದರಲ್ಲಿ. ನಮ್ಮ ಪ್ರಸಾರದಲ್ಲಿ ಆಗುವ ತಪ್ಪು ಇದೇ: ಆದದ್ದನ್ನು ಚೆನ್ನಾಗಿ ತೋರಿಸುತ್ತೇವೆ, ಆಗಲಿರುವುದನ್ನು ಬಿಟ್ಟುಬಿಡುತ್ತೇವೆ. ಹೊಸಬರಿಗೆ ಪರದೆಯಲ್ಲಿ ಯಾರೋ ಬಿದ್ದದ್ದು ಕಾಣುತ್ತದೆ, ಅಷ್ಟರಲ್ಲಿ ಎಲ್ಲರೂ ಕೂಗಿ ಆಗಿರುತ್ತದೆ.

2004ರಲ್ಲಿ ನಡೆದ, ಫೈಟಿಂಗ್ ಆಟಗಳ ಇವೋ ಟೂರ್ನಮೆಂಟಿನ ಒಂದು ತುಣುಕನ್ನು ನಾನು ಹೊಸದಾಗಿ ಕೆಲಸಕ್ಕೆ ಸೇರುವವರಿಗೆಲ್ಲ ತೋರಿಸುತ್ತೇನೆ. ಇಬ್ಬರು ಎದುರುಬದುರು ಹೊಡೆದಾಡುವ ಸ್ಟ್ರೀಟ್ ಫೈಟರ್ ಸರಣಿಯ ಮೂರನೇ ಆಟ. ಜಪಾನಿನ ಡೈಗೊ ಉಮೆಹಾರಾ ಒಂದು ಕಡೆ, ಅಮೆರಿಕದ ಜಸ್ಟಿನ್ ವಾಂಗ್ ಇನ್ನೊಂದು ಕಡೆ. ಪರದೆಯ ಮೇಲೆ ಡೈಗೊನ ಜೀವ ತೋರಿಸುವ ಪಟ್ಟಿ ಹೆಚ್ಚುಕಡಿಮೆ ಖಾಲಿ, ಒಂದು ಗೆರೆಯಷ್ಟು ಉಳಿದಿದೆ. ವಾಂಗ್ ತನ್ನ ದೊಡ್ಡ ದಾಳಿ ಬಿಡುತ್ತಾನೆ, ಒಟ್ಟು 15 ಒದೆತ. ಮಾಮೂಲಿಯಾಗಿ ಅಡ್ಡ ಹಿಡಿದರೂ ಚೂರು ಜೀವ ಹೋಗುತ್ತದೆ, ಅಂದರೆ ಸೋಲು. ಉಳಿದ ದಾರಿ ಒಂದೇ. ಪ್ರತಿ ಒದೆತ ಬಂದು ತಾಗುವ ಕ್ಷಣಕ್ಕೆ ಸರಿಯಾಗಿ ಕೈಯಲ್ಲಿರುವ ಜಾಯ್‌ಸ್ಟಿಕ್ಕನ್ನು ಎದುರಾಳಿಯ ಕಡೆ ತಟ್ಟಬೇಕು, ಹದಿನೈದೂ ಸಲ. ಅವನು ತಟ್ಟಿದ, ಆಮೇಲೆ ತಿರುಗಿ ಹೊಡೆದು ಆ ಆಟ ಗೆದ್ದ. ಅದರಲ್ಲಿ ಜನರ ಕೂಗು ಕೇಳಿ. ಕೊನೆಯ ಹೊಡೆತಕ್ಕೆ ಶುರುವಾಗುವುದಲ್ಲ ಅದು, ಮೊದಲ ಕೆಲವು ಒದೆತಕ್ಕೆ ಅವನು ತಟ್ಟುವಾಗಲೇ ಏರತೊಡಗುತ್ತದೆ. ಆಟವೇ ಗೊತ್ತಿಲ್ಲದವರೂ ಅದನ್ನು ನೋಡಿ ಎದ್ದು ನಿಲ್ಲುತ್ತಾರೆ, ಯಾಕೆಂದರೆ ಖಾಲಿ ಪಟ್ಟಿ ಎಲ್ಲರಿಗೂ ಕಾಣುತ್ತದೆ. "ತಡೆದರೂ ಸಾಯ್ತಾನೆ" ಎಂಬ ಎರಡೇ ಪದವನ್ನು ಪಕ್ಕದವರು ಹೇಳಿದರೆ ಸಾಕು.

ಫೈಟಿಂಗ್ ಆಟದವರಿಗೆ ಈ ಪಟ್ಟಿ ಪುಕ್ಕಟೆ ಸಿಕ್ಕ ವರ. ಬೇರೆ ಆಟಗಳಲ್ಲಿ ಅದನ್ನು ನಾವೇ ಕಟ್ಟಬೇಕು. ಕೌಂಟರ್-ಸ್ಟ್ರೈಕ್ ಬಾಂಬಿಗೆ 40 ಸೆಕೆಂಡು. ಅದನ್ನು ನಿಷ್ಕ್ರಿಯ ಮಾಡಲು ಬರಿಗೈಯಲ್ಲಿ 10 ಸೆಕೆಂಡು ಬೇಕು, ಅದಕ್ಕೆಂದೇ ಇರುವ ಸಲಕರಣೆಯ ಕಿಟ್ ಇದ್ದರೆ 5. ಹಳಬರಿಗೆ ಇದು ರಕ್ತದಲ್ಲೇ ಇದೆ. ಬಾಂಬಿನ ಬೀಪ್ ಸದ್ದಿನಲ್ಲೇ ಲೆಕ್ಕ ಹಾಕಿಬಿಡುತ್ತಾರೆ. ಹೊಸಬರಿಗೆ ಅದು ಬರೀ ಬೀಪ್. ನಾವು ಒಂದು ಸಣ್ಣ ಬದಲಾವಣೆ ಮಾಡಿದೆವು. ಬಾಂಬ್ ಸಿಡಿಯಲು ಉಳಿದ ಸಮಯ ತೋರಿಸುವ ಪಟ್ಟಿಯ ಮೇಲೆ ಒಂದು ಅಡ್ಡಗೆರೆ ಎಳೆದೆವು, ಇದನ್ನು ದಾಟಿದರೆ ಕಿಟ್ ಇಲ್ಲದವನಿಗೆ ಅವಕಾಶ ಇಲ್ಲ ಎಂದು. ಪಟ್ಟಿ ಆ ಗೆರೆಯ ಹತ್ತಿರ ಬರುವಾಗ ಆಟ ಗೊತ್ತಿಲ್ಲದವರೂ ಮುಂದಕ್ಕೆ ಬಾಗುತ್ತಾರೆ. ಕಾಮೆಂಟರಿಯವರು ಒಂದು ಪದವನ್ನೂ ಜಾಸ್ತಿ ಹೇಳಬೇಕಾಗಿಲ್ಲ.

ದುಡ್ಡಿನ ವಿಷಯ ಇನ್ನೂ ಕಷ್ಟ. ಪ್ರತಿ ಆಟಗಾರ 800 ಡಾಲರಿನಿಂದ ಶುರು ಮಾಡುತ್ತಾನೆ. ಒಳ್ಳೆಯ ಎಕೆ-47ಗೆ 2,700. ಹಾಗಾಗಿ ಕೆಲವು ರೌಂಡುಗಳಲ್ಲಿ ಒಂದು ತಂಡ ಬೇಕಂತಲೇ ಏನೂ ಕೊಳ್ಳದೆ ಪಿಸ್ತೂಲು ಹಿಡಿದು ಬರುತ್ತದೆ. ಅದಕ್ಕೆ ಎಕೋ ಎನ್ನುತ್ತಾರೆ. ಗೊತ್ತಿಲ್ಲದವರಿಗೆ ಇದು ಏಕಪಕ್ಷೀಯ ಸೋಲು. ಗೊತ್ತಿದ್ದವರಿಗೆ, ಪಿಸ್ತೂಲಿನವರು ಹೇಗಾದರೂ ಗೆದ್ದುಬಿಟ್ಟರೆ ಸಭಾಂಗಣವೇ ಕಿತ್ತುಹೋಗುವಷ್ಟು ದೊಡ್ಡ ಅಚ್ಚರಿ. ಎರಡರ ನಡುವೆ ಇರುವುದು ಒಂದೇ ವಾಕ್ಯ. ನಮ್ಮ ಕಾಮೆಂಟರಿ ಗೆಳೆಯರ ಹತ್ತಿರ ನಾನು ಕೇಳಿಕೊಳ್ಳುವುದು ಇಷ್ಟೇ: ಪದವನ್ನು ಬಿಡಬೇಡಿ, ಪಾಠವನ್ನೂ ಮಾಡಬೇಡಿ, ಮೊದಲ ಸಲ ಹೇಳುವಾಗ ಒಂದೇ ಉಸಿರಲ್ಲಿ ಅರ್ಥವನ್ನೂ ಸೇರಿಸಿಬಿಡಿ. "ಇದು ಎಕೋ, ದುಡ್ಡು ಉಳಿಸೋ ರೌಂಡು." ಹಳಬರು ಇದಕ್ಕೆ ಸಿಡುಕುತ್ತಾರೆ ಎಂಬ ಭಯ ಇತ್ತು. ಮೂರು ಪದಕ್ಕೆ ಯಾರೂ ಸಿಡುಕಲಿಲ್ಲ. ಅವರು ಸಿಡುಕುವುದು ನಾನು ಕ್ಯಾಮೆರಾ ತಡವಾಗಿ ತಿರುಗಿಸಿದಾಗ.

ಕ್ಯಾಮೆರಾ ಅಂದೆನಲ್ಲ. ಆಟಗಾರನ ಕಣ್ಣಿನಿಂದ ತೋರಿಸುವ ನೋಟ ರೋಚಕವೇನೋ ಹೌದು, ಆದರೆ ಹೊಸಬರಿಗೆ ತಾವು ಎಲ್ಲಿದ್ದೇವೆ ಎಂದೇ ತಿಳಿಯುವುದಿಲ್ಲ. ದಾಳಿಗೆ ಮುಂಚೆ ಮೂರು ಸೆಕೆಂಡು ಮೇಲಿನಿಂದ ತೋರಿಸಿದರೆ ಬಾಗಿಲು ಎಲ್ಲಿ, ಕಾಯುವವರು ಎಲ್ಲಿ ಎಂದು ಮನಸ್ಸಿನಲ್ಲಿ ಕೂರುತ್ತದೆ. ಪ್ರೇಕ್ಷಕರಿಗೆ ಇನ್ನೊಂದು ಅನುಕೂಲವೂ ಇದೆ: ಗೋಡೆಯ ಆಚೆ ಅಡಗಿದವನ ಆಕಾರ ಅವರಿಗೆ ಕಾಣುತ್ತದೆ, ಒಳಗೆ ಬರುತ್ತಿರುವ ಆಟಗಾರನಿಗೆ ಕಾಣುವುದಿಲ್ಲ. ಹಾಗಿದ್ದಾಗ ನಾನು ಹೊಡೆಯುವವನ ಕಣ್ಣಿಗೆ ಹಾರದೆ, ಏನೂ ತಿಳಿಯದೆ ನಡೆದು ಬರುವವನ ಮೇಲೆ ಕ್ಯಾಮೆರಾ ಇಡುತ್ತೇನೆ. ಕೆಲವು ಸಹೋದ್ಯೋಗಿಗಳು ಇದನ್ನು ಒಪ್ಪುವುದಿಲ್ಲ. ಗುರಿ ಇಡುವ ಕೈಚಳಕ ತೋರಿಸಬೇಕು ಎನ್ನುತ್ತಾರೆ. ಅದಕ್ಕೆ ರಿಪ್ಲೇ ಇದೆಯಲ್ಲ.

ಬಣ್ಣದ ಬಗ್ಗೆ ಒಂದು ಮಾತು. 2018ರಲ್ಲಿ ಶುರುವಾದ, ತಂಡಗಳ ಶೂಟಿಂಗ್ ಆಟವೊಂದರ ಓವರ್‌ವಾಚ್ ಲೀಗಿನವರು ಪಾತ್ರಗಳಿಗೆ ತಂಡದ ಬಣ್ಣದ ಬಟ್ಟೆ ತೊಡಿಸಿದರು. ಯಾರು ಯಾವ ಕಡೆ ಎಂಬ ಗೊಂದಲ ಎಷ್ಟೋ ಕಡಿಮೆ ಆಯಿತು. ಒಳ್ಳೆಯ ಕೆಲಸ. ಆದರೂ ಆರು ಜನ ಆರು ಜನರ ಮೇಲೆ ಒಟ್ಟಿಗೆ ಬಿದ್ದಾಗ ಪರದೆಯಲ್ಲಿ ಕಾಣುತ್ತಿದ್ದದ್ದು ಪಟಾಕಿ ಅಂಗಡಿಗೆ ಬೆಂಕಿ ಬಿದ್ದ ಹಾಗೆ. ಯಾರು ಎಂಬುದಕ್ಕೆ ಬಣ್ಣ ಉತ್ತರ ಕೊಡುತ್ತದೆ, ಏನು ನಡೆಯುತ್ತಿದೆ ಎಂಬುದಕ್ಕೆ ಕೊಡುವುದಿಲ್ಲ. ಅಂದಹಾಗೆ ಕೆಂಪು-ಹಸಿರು ಜೋಡಿಯನ್ನು ದಯವಿಟ್ಟು ಬಿಟ್ಟುಬಿಡಿ. ಆ ಎರಡರ ವ್ಯತ್ಯಾಸ ಕಾಣದವರು ಪ್ರತಿ ಸಭಾಂಗಣದಲ್ಲೂ ಕೂತಿರುತ್ತಾರೆ.

ಹಲವು ತಂಡಗಳು ಒಟ್ಟಿಗೆ ಇಳಿದು ಕೊನೆಗೆ ಒಂದೇ ಉಳಿಯುವ ತನಕ ಹೊಡೆದಾಡುವ ಬ್ಯಾಟಲ್ ರಾಯಲ್ ಆಟಗಳ ಕಥೆ ಬೇರೆ. ಪಬ್‌ಜಿಯಲ್ಲಿ ಟೂರ್ನಮೆಂಟಿನ ಒಂದು ಮ್ಯಾಚಿಗೆ 16 ತಂಡ, 64 ಜನ. ಕ್ಯಾಮೆರಾ ಎಲ್ಲಿಟ್ಟರೂ ಇನ್ನೆಲ್ಲೋ ಏನೋ ಆಗುತ್ತಿರುತ್ತದೆ. ಆದರೆ ಹೊಸಬರು ಕೇಳುವ ಪ್ರಶ್ನೆ ಅದಲ್ಲ. "ಕೊನೇ ಮ್ಯಾಚ್ ಗೆದ್ದವರು ಸಪ್ಪಗೆ ಕೂತಿದಾರೆ, ಬೇರೆ ಯಾರೋ ಕುಣಿತಿದಾರಲ್ಲ, ಯಾಕೆ?" ಎಂಬುದು. ಟ್ರೋಫಿ ಸಿಗುವುದು ಸಾಮಾನ್ಯವಾಗಿ ಎಲ್ಲ ಮ್ಯಾಚುಗಳ ಅಂಕ ಕೂಡಿಸಿದ ಮೇಲೆ. ಆದ್ದರಿಂದ ಕೊನೆಯ ಮ್ಯಾಚಿನಲ್ಲಿ ಮೊದಲ ಮೂರು ತಂಡಗಳಿಗೆ ಇನ್ನೆಷ್ಟು ಬೇಕು ಎಂಬುದು ಪರದೆ ಬಿಟ್ಟು ಹೋಗಲೇಬಾರದು.

ಇಷ್ಟೆಲ್ಲ ಸರಿಯಾಗಿದೆಯೇ ಎಂದು ನೋಡಲು ನಮ್ಮಲ್ಲಿ ಒಂದು ಅಭ್ಯಾಸ ಇದೆ. ಹಳೆಯ ಪಂದ್ಯದ ರೆಕಾರ್ಡಿಂಗನ್ನು ಸದ್ದು ತೆಗೆದು, ಆಟ ಆಡದವರೊಬ್ಬರಿಗೆ ಹಾಕುತ್ತೇವೆ. ಮಧ್ಯೆ ನಿಲ್ಲಿಸಿ ಎರಡೇ ಪ್ರಶ್ನೆ: ಈಗ ಯಾರು ಮುಂದಿದ್ದಾರೆ? ಮುಂದೆ ಏನಾಗಬಹುದು? ಎರಡನೆಯದಕ್ಕೆ ಅವರ ಊಹೆ ತಪ್ಪಾದರೆ ತೊಂದರೆಯಿಲ್ಲ. ಊಹೆಯೇ ಹುಟ್ಟದಿದ್ದರೆ ಆ ಕ್ಷಣದ ಪರದೆಯನ್ನು ನಾವು ಮತ್ತೆ ಕಟ್ಟುತ್ತೇವೆ.

ಹೊಸಬರಿಗೇ ಪ್ರತ್ಯೇಕ ಪ್ರಸಾರ ಇಟ್ಟರೆ ಆಗದೇ? ಐವರು ಐವರ ವಿರುದ್ಧ ಆಡುವ ಡೋಟಾ 2 ಎಂಬ ಆಟದ ದೊಡ್ಡ ಟೂರ್ನಮೆಂಟಾದ ಇಂಟರ್‌ನ್ಯಾಷನಲ್‌ನಲ್ಲಿ 2014ರಲ್ಲಿ ಅದನ್ನು ಮಾಡಿದರು. ತಮಾಷೆ ಅಂದರೆ ಆ ವರ್ಷ ಟ್ರೋಫಿ ಗೆದ್ದ ತಂಡದ ಹೆಸರೇ ನ್ಯೂಬೀ, ಕಿವಿಗೆ ಇಂಗ್ಲಿಷಿನ "ಹೊಸಬ" ಎಂಬ ಪದದ ಹಾಗೇ ಕೇಳುತ್ತದೆ! ಒಬ್ಬರೇ ಕೂತು ಕಲಿಯುವವರಿಗೆ ಅದು ಒಳ್ಳೆಯದು. ಆದರೆ ಹೆಚ್ಚಿನ ಹೊಸಬರು ಒಬ್ಬರೇ ಬರುವುದಿಲ್ಲ. ಆಟ ಗೊತ್ತಿರುವ ಗೆಳೆಯನೋ ತಮ್ಮನೋ ಹಾಕಿದ ಪರದೆಯ ಮುಂದೆ ಕೂರುತ್ತಾರೆ, ಆ ಪರದೆಯಲ್ಲಿ ಇರುವುದು ಮುಖ್ಯ ಪ್ರಸಾರ.

ಡೋಟಾದಲ್ಲಿ ನನಗೆ ಇವತ್ತಿಗೂ ಬಗೆಹರಿಯದ ಗಂಟು ಒಂದಿದೆ. ಪಂದ್ಯಕ್ಕೆ ಮುಂಚೆ ಎರಡೂ ತಂಡಗಳು ನೂರಕ್ಕೂ ಜಾಸ್ತಿ ಹೀರೋಗಳಲ್ಲಿ, ಅಂದರೆ ಆಟದ ಪಾತ್ರಗಳಲ್ಲಿ, ಐದೈದು ಆರಿಸಿಕೊಳ್ಳುತ್ತವೆ, ಎದುರಾಳಿಗೆ ಸಿಗಬಾರದೆಂದು ಕೆಲವನ್ನು ಹೊರಗಿಡುತ್ತವೆ. ಹಳಬರಿಗೆ ಅರ್ಧ ಪಂದ್ಯ ಅಲ್ಲೇ ನಡೆಯುತ್ತದೆ. ಹೊಸಬರು ಎದ್ದು ಹೋಗುವುದೂ ಅಲ್ಲೇ. ಹೀರೋಗಳ ಶಕ್ತಿ ವಿವರಿಸಿ ನೋಡಿದೆವು, ಯಾರಿಗೂ ನೆನಪಿರಲಿಲ್ಲ. ಗೆಲ್ಲುವ ಸಾಧ್ಯತೆಯ ಅಂಕಿ ತೋರಿಸಿ ನೋಡಿದೆವು. ಜನ ಅಂಕಿ ನೋಡಿದರು, ಆಟ ನೋಡಲಿಲ್ಲ. ಈಗ ಒಂದೇ ಸಾಲು ಹಾಕುತ್ತಿದ್ದೇವೆ: "ಈ ತಂಡ ಬೇಗ ಮುಗಿಸಬೇಕು, ಆ ತಂಡ ಹೊತ್ತು ಎಳೆಯಬೇಕು." ಕೆಲವು ಪಂದ್ಯಕ್ಕೆ ಅದು ಹೊಂದುತ್ತದೆ. ಎರಡೂ ತಂಡಗಳಿಗೆ ಬೇಗ ಮುಗಿಸುವ ಆಸೆ ಇದ್ದ ದಿನ ಆ ಸಾಲನ್ನು ಖಾಲಿ ಬಿಡುತ್ತೇವೆ.