ಕಡಲಕಳೆ ಮತ್ತು ಅಯೋಡಿನ್: ನಾನು ಎಡವಿದ ಲೆಕ್ಕ

ಕಳೆದ ವಾರ ಚಿತ್ರದುರ್ಗದಿಂದ ದೊಡ್ಡಮ್ಮ ಫೋನ್ ಮಾಡಿದ್ದರು. "ಥೈರಾಯ್ಡಿಗೆ ಕಡಲಕಳೆಯ ಪುಡಿ ಒಳ್ಳೆಯದಂತೆ. ಕೊಂಬು ಅಂತ ಅದರ ಹೆಸರು. ಬೆಳಿಗ್ಗೆ ಒಂದು ಚಮಚ ನೀರಿಗೆ ಬೆರೆಸಿ ಕುಡಿಯಬೇಕಂತೆ. ಪೊಟ್ಟಣ ತರಿಸಿದ್ದೇನೆ. ನೀನು ಓದುವುದು ಇದನ್ನೇ ಅಲ್ಲವೇನಪ್ಪ, ನೋಡಿ ಹೇಳು" ಎಂದರು. ದಾವಣಗೆರೆಯಲ್ಲಿ ಆಹಾರ ಮತ್ತು ಪೋಷಣೆ ಓದುತ್ತಿರುವ ನಮಗೆ ಕಡಲಕಳೆ ಎಂದರೆ ಪಠ್ಯದ ಅರ್ಧ ಪುಟ. ಆ ಅರ್ಧ ಪುಟವನ್ನು ಹಿಡಿದು ಲೆಕ್ಕ ಹಾಕಿದೆ, ತಪ್ಪಿದೆ, ಮತ್ತೆ ಹಾಕಿದೆ. ತಪ್ಪಿದ ಜಾಗ ಮರೆಯುವ ಮೊದಲು ನನ್ನ ಜೊತೆ ಓದುವವರಿಗಾಗಿ ಬರೆದಿಡುತ್ತಿದ್ದೇನೆ.

ಮೂರು ಬಣ್ಣ

ಕಡಲಕಳೆಗಳಲ್ಲಿ ಹಸಿರು, ಕೆಂಪು, ಕಂದು ಎಂಬ ಮೂರು ಗುಂಪು ನಿಮಗೆ ಗೊತ್ತಿರುವುದೇ. ಉಲ್ವಾ ಹಸಿರು, ನೋರಿ, ಗ್ರಾಸಿಲೇರಿಯ ಕೆಂಪು, ಕೊಂಬು, ವಕಾಮೆ, ಸರ್ಗಾಸಮ್ ಕಂದು. ಅನ್ನ ಸುತ್ತಲು ಬಳಸುವ ನೋರಿಯ ಹಾಳೆ ಹುರಿದಾಗ ಹಸಿರಾಗಿ ಕಾಣುತ್ತದೆ, ಆದರೂ ಅದು ಕೆಂಪು ಗುಂಪಿನದೇ. ಕಿರಾಣಿ ಅಂಗಡಿಯಲ್ಲಿ ಸಿಗುವ ಚೈನಾ ಗ್ರಾಸ್ ಕೂಡ ಕೆಂಪು ಕಳೆಗಳಿಂದ ತೆಗೆದ ಅಗರ್ ಎಂಬ ಗಟ್ಟಿಗೊಳಿಸುವ ವಸ್ತು. ಅದು ಕರಗಬೇಕಾದರೆ ಸುಮಾರು 85 ಡಿಗ್ರಿ ಸೆಲ್ಸಿಯಸ್ ಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿಯೂ ಚೈನಾ ಗ್ರಾಸ್ ಪುಡ್ಡಿಂಗ್ ತಟ್ಟೆಯಲ್ಲಿ ಗಟ್ಟಿಯಾಗಿ ಕೂರುವುದು ಅದಕ್ಕೇ. ಐಸ್‌ಕ್ರೀಮ್ ಡಬ್ಬಿಯ ಮೇಲಿನ 407 ಎಂಬ ಸಂಖ್ಯೆಯೂ ಕೆಂಪು ಕಳೆಯಿಂದ ತೆಗೆದ ಕ್ಯಾರಗೀನನ್ ಎಂಬ ಮಂದಗೊಳಿಸುವ ವಸ್ತುವಿನದು. ಕಡಲಿನಿಂದ ಇಷ್ಟು ದೂರವಿದ್ದರೂ ನಾವು ಕಡಲಕಳೆ ತಿನ್ನುತ್ತಲೇ ಬಂದಿದ್ದೇವೆ.

ಕೊಯ್ಲು

ಇಳಿತದ ಹೊತ್ತಿಗೆ ಬಂಡೆಗಳು ಬಯಲಾದಾಗ ಕೊಯ್ಯುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಬಂಡೆಗೆ ಅಂಟಿದ ಬುಡವನ್ನು ಉಳಿಸಿ ಮೇಲಿನದನ್ನಷ್ಟೇ ಕತ್ತರಿಸಬೇಕು. ಬುಡ ಕಿತ್ತರೆ ಆ ಗಿಡ ಮತ್ತೆ ಚಿಗುರುವುದಿಲ್ಲ. ದಡಕ್ಕೆ ಬಂದು ಬಿದ್ದ ಕಳೆ ಎಷ್ಟು ದಿನದ್ದೋ ತಿಳಿಯದು, ಅದನ್ನು ತಿನ್ನಲು ಆರಿಸಬಾರದು. ಬಂದರು, ಚರಂಡಿಯ ಬಾಯಿ, ಕಾರ್ಖಾನೆಗಳ ಹತ್ತಿರದ್ದನ್ನು ಮುಟ್ಟಲೇಬಾರದು, ಏಕೆಂದರೆ ಕಡಲಕಳೆ ನೀರಿನಲ್ಲಿರುವ ಭಾರಲೋಹಗಳನ್ನು ಹೀರಿಕೊಳ್ಳುತ್ತದೆ. ರಾಮೇಶ್ವರ, ಮಂಡಪಂ ಕಡೆಯ ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಮುಳುಗಿ ಕಳೆ ತೆಗೆಯುತ್ತಾರೆ. ಅದರಲ್ಲಿ ಒಂದು ಪಾಲು ಅಗರ್ ತಯಾರಿಕೆಗೆ ಹೋಗುತ್ತದೆ.

ಅಯೋಡಿನ್: ಇಲ್ಲಿ ನಿಧಾನಿಸಿ

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು. ಪಠ್ಯದ ಪಟ್ಟಿಯಲ್ಲಿ ಒಣ ಕೊಂಬುವಿನ ಎದುರು 100 ಗ್ರಾಂಗೆ 200 ಎಂದಿತ್ತು. ನಾನು ಅದನ್ನು ಮೈಕ್ರೋಗ್ರಾಂ ಎಂದು ಓದಿಕೊಂಡೆ. ಹಾಗಾದರೆ ಗ್ರಾಂಗೆ 2 ಮೈಕ್ರೋಗ್ರಾಂ, 150ನ್ನು 2ರಿಂದ ಭಾಗಿಸಿದರೆ 75 ಗ್ರಾಂ. ದೊಡ್ಡಮ್ಮನ ಒಂದು ಚಮಚ ಏನೇನೂ ಸಾಲದು ಎಂದು ಬರೆದೂಬಿಟ್ಟೆ. ಪಟ್ಟಿಯ ತಲೆಸಾಲಿನಲ್ಲಿ ಇದ್ದದ್ದು ಮಿಲಿಗ್ರಾಂ.

ಸರಿಯಾದ ದಾರಿ ಹೀಗೆ. 1 ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. 100 ಗ್ರಾಂಗೆ 200 ಮಿಲಿಗ್ರಾಂ ಎಂದರೆ 100 ಗ್ರಾಂಗೆ 2,00,000 ಮೈಕ್ರೋಗ್ರಾಂ, ಅಂದರೆ ಗ್ರಾಂಗೆ 2000. ಈಗ 150ನ್ನು 2000ದಿಂದ ಭಾಗಿಸಿ: 0.075 ಗ್ರಾಂ. ಎಪ್ಪತ್ತೈದು ಗ್ರಾಂ ಅಲ್ಲ, ಎಪ್ಪತ್ತೈದು ಮಿಲಿಗ್ರಾಂ! ಇದು ಕಣ್ಣಿಗೆ ಕಾಣಬೇಕೆಂದು ನಮ್ಮ ಬೀದಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ ಸೋನಾ ಮಸೂರಿ ಅಕ್ಕಿಯನ್ನು ಒಂದೊಂದೇ ಕಾಳು ಇಟ್ಟು ನೋಡಿದೆ. ಆರನೆಯ ಕಾಳಿಗೆ 0.07 ಬಂತು, ಏಳನೆಯದಕ್ಕೆ 0.08. ಏಳು ಅಕ್ಕಿಕಾಳಿನ ತೂಕದ ಕೊಂಬುವಿನಲ್ಲಿ ಇಡೀ ದಿನದ ಅಯೋಡಿನ್ ಇದೆ.

ನನಗೆ ಕೈಹಿಡಿದ ಸುಲಭ ಸೂತ್ರ: 100 ಗ್ರಾಂಗೆ ಮಿಲಿಗ್ರಾಂ ಎಂದಿದ್ದರೆ ಹತ್ತರಿಂದ ಗುಣಿಸಿ, ಗ್ರಾಂಗೆ ಮೈಕ್ರೋಗ್ರಾಂ ಬರುತ್ತದೆ. ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಎಂದಿದ್ದರೆ ಏನೂ ಮಾಡಬೇಡಿ, ಅದೇ ಗ್ರಾಂಗೆ ಮೈಕ್ರೋಗ್ರಾಂ. ಅಡುಗೆಮನೆಯ ಉಪ್ಪಿನ ಪೊಟ್ಟಣವನ್ನು ತಿರುಗಿಸಿ ನೋಡಿ, ಅಯೋಡಿನ್ 15 ಪಿಪಿಎಂಗೆ ಕಡಿಮೆ ಇಲ್ಲ ಎಂದಿರುತ್ತದೆ. ಹತ್ತು ಗ್ರಾಂ ಉಪ್ಪಿಗೆ 150 ಮೈಕ್ರೋಗ್ರಾಂ. ಸೂತ್ರ ಮರೆತರೆ ಉಪ್ಪಿನಿಂದ ಶುರುಮಾಡಿ.

ಎಡವಿ ಬೀಳುವ ಇನ್ನೊಂದು ಗುಂಡಿ ಇದೆ. ಪಟ್ಟಿಯ ಅಂಕಿ ಒಣ ತೂಕದ್ದು. ಹಸಿ ಕಳೆಯಲ್ಲಿ ನೂರಕ್ಕೆ ಎಂಬತ್ತು, ತೊಂಬತ್ತು ಪಾಲು ನೀರೇ ಇರುತ್ತದೆ. ನೆನೆಸಿ ಉಬ್ಬಿದ ತುಂಡನ್ನು ತೂಗಿ ಒಣ ತೂಕದ ಅಂಕಿಯಿಂದ ಗುಣಿಸಿದರೆ ಉತ್ತರ ಹಲವು ಪಟ್ಟು ಹಿಗ್ಗುತ್ತದೆ. ನೆನೆಸುವ ಮೊದಲೇ ತೂಗಿಕೊಳ್ಳಿ.

ಎಲ್ಲ ಕಳೆಯೂ ಕೊಂಬು ಅಲ್ಲ ಎಂಬುದೂ ಮುಖ್ಯ. ನೋರಿಯಲ್ಲಿ ಗ್ರಾಂಗೆ ಸಾಮಾನ್ಯವಾಗಿ 16ರಿಂದ 40 ಮೈಕ್ರೋಗ್ರಾಂ. ಒಂದು ಹಾಳೆ ಸುಮಾರು 3 ಗ್ರಾಂ, ಹಾಗಾಗಿ 48ರಿಂದ 120. ಒಂದು ಹಾಳೆ ತಿಂದವರು ಮಿತಿಯೊಳಗೇ ಇರುತ್ತಾರೆ.

ಹೆಚ್ಚಾದರೆ ಏನು? ಅಯೋಡಿನ್ ಒಮ್ಮೆಗೇ ಅತಿಯಾದರೆ ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸುವುದನ್ನು ತಡೆಹಿಡಿಯುತ್ತದೆ. ವುಲ್ಫ್–ಚೈಕಾಫ್ ಪರಿಣಾಮ ಎಂದರೆ ಇದೇ, 1948ರಲ್ಲಿ ಗುರುತಿಸಿದ್ದು. ಆರೋಗ್ಯವಂತ ಗ್ರಂಥಿ ಕೆಲವು ದಿನಗಳಲ್ಲಿ ಹೊಂದಿಕೊಂಡು ಮತ್ತೆ ಕೆಲಸಕ್ಕೆ ಇಳಿಯುತ್ತದೆ; ಮೊದಲೇ ತೊಂದರೆ ಇರುವ ಗ್ರಂಥಿಗೆ ಅದು ಆಗದೇ ಹೋಗಬಹುದು. ಜಪಾನಿನ ಹೊಕ್ಕೈಡೊ ಕರಾವಳಿಯಲ್ಲಿ ಕಡಲಕಳೆ ವಿಪರೀತ ತಿನ್ನುವವರಲ್ಲಿ ಗಳಗಂಡ, ಅಂದರೆ ಥೈರಾಯ್ಡ್ ಗ್ರಂಥಿಯ ಊತ, ಕಂಡುಬಂದಿತ್ತು. ಕೊರತೆಯಿಂದ ಬರುವ ಗಳಗಂಡ ಅತಿಯಿಂದಲೂ ಬರುತ್ತದೆ, ಪರೀಕ್ಷೆಯಲ್ಲಿ ಇದನ್ನು ತಪ್ಪದೆ ಬರೆಯಿರಿ. ಅಮೆರಿಕದ ಮಾನದಂಡದಂತೆ ವಯಸ್ಕರ ಗರಿಷ್ಠ ಮಿತಿ ದಿನಕ್ಕೆ 1100 ಮೈಕ್ರೋಗ್ರಾಂ. ಕೊಂಬು ಅರ್ಧ ಗ್ರಾಂ ದಾಟುತ್ತಿದ್ದಂತೆ ಅಲ್ಲಿಗೆ ಮುಟ್ಟುತ್ತೇವೆ.

ಉಳಿದ ಎರಡು ಮಾತು

ಹಿಜಿಕಿ ಎಂಬ ಕಂದು ಕಳೆಯಲ್ಲಿ ವಿಷಕಾರಿಯಾದ ಅಜೈವಿಕ ಆರ್ಸೆನಿಕ್ ಹೆಚ್ಚು; ಅದನ್ನು ತಿನ್ನಬೇಡಿ ಎಂದು ಬ್ರಿಟನ್ನಿನ ಆಹಾರ ಮಾನದಂಡ ಸಂಸ್ಥೆ 2004ರಲ್ಲಿ ಸಲಹೆ ನೀಡಿತು. ಸ್ಪಿರುಲಿನಾ ಕಡಲಕಳೆಯಲ್ಲ, ನೀಲಿ-ಹಸಿರು ಪಾಚಿ. ಸೂಳೆಕೆರೆಯಾಗಲಿ, ಊರಿನ ಬೇರೆ ಯಾವ ಕೆರೆಯಾಗಲಿ, ನೀರಿನ ಮೇಲೆ ಕಟ್ಟಿದ ಹಸಿರು ಪದರವನ್ನು ಸ್ಪಿರುಲಿನಾ ಎಂದುಕೊಳ್ಳಬೇಡಿ. ಅಂಥ ಕೆಲವು ಪಾಚಿಗಳು ಯಕೃತ್ತನ್ನು ಕೆಡಿಸುವ ವಿಷ ಬಿಡುತ್ತವೆ.

ದೊಡ್ಡಮ್ಮನ ಲೆಕ್ಕ ಕೊನೆಗೆ ಹೀಗೆ ನಿಂತಿತು. ಒಂದು ಚಮಚ ಪುಡಿ 5 ಗ್ರಾಂ ಎಂದು ಹಿಡಿದರೂ 10,000 ಮೈಕ್ರೋಗ್ರಾಂ, ಎರಡು ತಿಂಗಳಿಗೂ ಹೆಚ್ಚಿನ ಅಯೋಡಿನ್ ಒಂದೇ ಲೋಟದಲ್ಲಿ. ಅವರು ಎಂಟು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಫೋನಿನಲ್ಲಿ ಅಕ್ಕಿಕಾಳಿನ ಲೆಕ್ಕವನ್ನೇ ಹೇಳಿದೆ. "ಏಳೇ ಕಾಳಾ?" ಎಂದು ಎರಡು ಸಲ ಕೇಳಿದರು. ಪೊಟ್ಟಣವನ್ನು ಇನ್ನೂ ಒಡೆದಿಲ್ಲ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಚೀಲದಲ್ಲಿ ಇಟ್ಟುಕೊಂಡು ಹೋಗಿ ತೋರಿಸುತ್ತಾರಂತೆ.